ಗಡಿಯಾಚೆಯ ಪೊಲೀಸರೂ ರಾಜ್ಯಗಳ ಸಮ್ಮತಿಯೂ

ಊರು ಒಂದು ರಾಜ್ಯದಲ್ಲಿ, ಬಂಧುಬಳಗ ಮತ್ತೊಂದು ರಾಜ್ಯದಲ್ಲಿ ಇರುವುದು ಗಡಿನಾಡಿನ ಕನ್ನಡಿಗರಾದ ನಮಗೆ ಹೊಸತಲ್ಲ. ಆದುದರಿಂದ ಒಂದು ರಾಜ್ಯದ ಪೊಲೀಸರು ಮತ್ತೊಂದು ರಾಜ್ಯದಲ್ಲಿರುವವರ ಮೇಲೆ ಎಷ್ಟರಮಟ್ಟಿಗೆ ಕಣ್ಣಿಡಬಹುದೆಂಬ ಪ್ರಶ್ನೆಯು ನಮಗೆ ಕೇವಲ ವಕೀಲರ ಚರ್ಚೆಯಲ್ಲ.

ಬ್ರಿಟಿಷರ ಕಾಲದಲ್ಲಿ ಕಾಸರಗೋಡು, ಆದವಾನಿಗಳು ಮದರಾಸು ಪ್ರಾಂತಕ್ಕೂ ಸೊಲ್ಲಾಪುರವು ಮುಂಬಯಿ ಪ್ರಾಂತಕ್ಕೂ ಸೇರಿದ್ದುವು. ಅಕ್ಕಲಕೋಟೆ, ಜತ್ತಗಳು ಸಂಸ್ಥಾನಗಳಾಗಿದ್ದುವು. ಒಂದು ಪ್ರಾಂತದ ಪೊಲೀಸರ ಅಧಿಕಾರವನ್ನು ಮತ್ತೊಂದು ಪ್ರಾಂತಕ್ಕೆ ವಿಸ್ತರಿಸಲು 1888ರ ಪೊಲೀಸು ಕಾಯಿದೆಯು ಅವಕಾಶವಿತ್ತಿತು. ಇಂಥ ವಿಸ್ತರಣೆಗೆ ಆಯಾ ಪ್ರಾಂತ ಸರಕಾರದ ಸಮ್ಮತಿ ಬೇಕೆಂಬ ನಿಬಂಧನೆಯನ್ನು 1935ರ ಭಾರತ ಸರಕಾರದ ಕಾಯಿದೆಯು ವಿಧಿಸಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಅದನ್ನೇ ಕೇಂದ್ರ ಪಟ್ಟಿಯ 80ನೆಯ ನಮೂದಿನಲ್ಲಿ ಉಳಿಸಿಕೊಂಡಿತು. 1956ರಲ್ಲಿ ಭಾಷಾವಾರು ಗಡಿಗಳು ಬಿದ್ದಾಗ ಈ ನಿಬಂಧನೆಯು ನಮ್ಮ ನಿತ್ಯಜೀವನಕ್ಕೆ ಸಮೀಪವಾಯಿತು.

1946ರ ದೆಹಲಿ ವಿಶೇಷ ಪೊಲೀಸು ಕಾಯಿದೆಯಂತೆ ನಡೆಯುವ ಕೇಂದ್ರ ತನಿಖಾ ದಳಕ್ಕೂ ಇದೇ ಬಗೆಯ ಕಟ್ಟುಪಾಡುಂಟು. ಸಾಮಾನ್ಯ ಸಮ್ಮತಿಯನ್ನು ಕೇರಳವು 2020ರಲ್ಲಿ, ತಮಿಳುನಾಡು 2023ರಲ್ಲಿ, ಕರ್ನಾಟಕವು 2024ರಲ್ಲಿ ಹಿಂತೆಗೆದುಕೊಂಡುವು. ಮಹಾರಾಷ್ಟ್ರವು 2020ರಲ್ಲಿ ಹಿಂತೆಗೆದುದನ್ನು 2022ರಲ್ಲಿ ಮರಳಿ ಕೊಟ್ಟಿತು. ಒಂದೇ ದಳಕ್ಕೆ ಗಡಿಯ ಈಚೆಗೊಂದು, ಆಚೆಗೊಂದು ಸ್ಥಿತಿ ಏರ್ಪಡುವುದು ಹೀಗೆ.

ಆದರೆ ಸಮ್ಮತಿಯು ಸರಕಾರಗಳ ನಡುವಣ ಮಾತು. ಪ್ರಜೆಯ ರಕ್ಷಣೆ ಯಾವುದು? ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವನು ದರೋಡೆಯ ಆರೋಪದಿಂದ ಸಾಕ್ಷ್ಯವಿಲ್ಲದೆ ಬಿಡುಗಡೆಯಾದರೂ ಪೊಲೀಸರು ಅವನ ಹೆಸರಿನಲ್ಲಿ ಹಿಸ್ಟರಿ ಶೀಟು ತೆರೆದು, ರಾತ್ರಿಯ ವೇಳೆ ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿಯ ಭೇಟಿಯನ್ನು ಮಾತ್ರ ರದ್ದುಮಾಡಿ ಉಳಿದ ಕಣ್ಗಾವಲನ್ನು ಎತ್ತಿಹಿಡಿಯಿತು. ಖಾಸಗಿತನವು ಸ್ವಾತಂತ್ರ್ಯದ ಅಂಗವೆಂದು ನ್ಯಾಯಮೂರ್ತಿ ಸುಬ್ಬರಾಯರು ಬರೆದ ಭಿನ್ನಮತಕ್ಕೆ ಮನ್ನಣೆ ದೊರೆತುದು 2017ರಲ್ಲಿ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ದೂರವಾಣಿಯ ಮಾತಿಗೆ ಗಡಿಕಲ್ಲುಗಳಿಲ್ಲ. 1996ರ ತೀರ್ಪಿನಂತೆ ಅದನ್ನು ಕದ್ದಾಲಿಸಲು ಗೃಹ ಕಾರ್ಯದರ್ಶಿಯ ಆಜ್ಞೆ ಬೇಕು, ಅದರ ಅವಧಿ 2 ತಿಂಗಳು, ನವೀಕರಿಸಿದರೂ ಒಟ್ಟು 6 ತಿಂಗಳು ಮೀರಬಾರದು, ಪುನರ್ವಿಮರ್ಶೆಗೆ ಸಮಿತಿಯಿರಬೇಕು. ಆದರೆ ಆ ಸಮಿತಿಯಲ್ಲಿರುವವರೂ ಸರಕಾರದ ಅಧಿಕಾರಿಗಳೇ.

ಕಳ್ಳನನ್ನು ಹಿಡಿಯಲು ಗಡಿಯು ಅಡ್ಡಿಯಾಗಬಾರದೆಂಬುದನ್ನು ನಾವೂ ಒಪ್ಪುವೆವು. ಆದರೆ ಗಡಿಯು ಯಾರೂ ಉತ್ತರ ಹೇಳಬೇಕಾಗಿಲ್ಲದ ನೆಲವಾಗಬಾರದು. ನಮ್ಮ ಮೇಲೆ ಕಣ್ಣಿಡುವವರು ಯಾರೇ ಆಗಲಿ, ಯಾವ ಕಾಯಿದೆಯಂತೆ, ಯಾರ ಆಜ್ಞೆಯಂತೆ ಎಂದು ಕೇಳುವ ಹಕ್ಕು ನಮ್ಮದು. ಆ ಪ್ರಶ್ನೆಯನ್ನು ನಮ್ಮ ಮಕ್ಕಳೂ ಕಲಿಯಲಿ.