ಸೆರೆಯಲ್ಲಿ ಕೆಡದ ಧಾನ್ಯ

1989ರ ಆಗಸ್ಟ್ ತಿಂಗಳಲ್ಲಿ ಮಾಸ್ಕೋದಲ್ಲಿ ಒಂದು ರಾಕ್ ಸಂಗೀತೋತ್ಸವ ನಡೆಯಿತು. ಅಲ್ಲಿ ಹಾಡಿದ ಪಶ್ಚಿಮ ಜರ್ಮನಿಯ ಸ್ಕಾರ್ಪಿಯನ್ಸ್ ತಂಡದ ಗಾಯಕ ಕ್ಲಾಸ್ ಮೈನೆ, ಆ ಅನುಭವದಿಂದ 'ವಿಂಡ್ ಆಫ್ ಚೇಂಜ್' ಎಂಬ ಹಾಡನ್ನು ಬರೆದರು. ಅದೇ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಉರುಳಿತು. 1990ರಲ್ಲಿ ಹೊರಬಂದ ಹಾಡು ಯುರೋಪಿನ ಯುವಜನರಿಗೆ ಹೊಸ ಕಾಲದ ಭರವಸೆಯಾಗಿ ಕೇಳಿಸಿತು.

ಒಳ್ಳೆಯ ಲೋಕವನ್ನು ಬಯಸಿ ಹಾಡಿದ ಕಥೆ ನಮ್ಮಲ್ಲಿಯೂ ಇದೆ. ಅದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಗೆ ಹೋದರೆ ಸಾಕು. ಅಲ್ಲಿಯ ಆದಿಕೇಶವನನ್ನೇ ತಮ್ಮ ಅಂಕಿತವಾಗಿಸಿಕೊಂಡ ಕನಕದಾಸರು 16ನೆಯ ಶತಮಾನದಲ್ಲಿ 'ರಾಮಧಾನ್ಯಚರಿತ್ರೆ' ಬರೆದರು. ಅದು ಭಾಮಿನಿ ಷಟ್ಪದಿಯ ಕಾವ್ಯ. ಕಣ್ಣಿನಿಂದ ಓದುವುದಕ್ಕಿಂತ ಗಮಕಿಗಳ ಕಂಠದಿಂದ ಕೇಳುವುದಕ್ಕೆ ಹೇಳಿಸಿದ್ದು.

ಕಥೆ ಹೀಗಿದೆ. ರಾವಣನನ್ನು ಗೆದ್ದು ಮರಳುತ್ತಿದ್ದ ರಾಮನಿಗೆ ಆಶ್ರಮದಲ್ಲಿ ಔತಣ ನಡೆಯುತ್ತದೆ. ಧಾನ್ಯಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆ ಏಳುತ್ತದೆ. ಗೌತಮ ಮುನಿ ನರೆದಲೆಗ, ಅಂದರೆ ರಾಗಿ, ಎನ್ನುತ್ತಾನೆ. ವ್ರೀಹಿಗೆ, ಅಂದರೆ ಭತ್ತಕ್ಕೆ, ಸಿಟ್ಟು ಬರುತ್ತದೆ. ತಾನು ಉತ್ತಮ ಕುಲದವರ ಅನ್ನ, ಉಪನಯನಾದಿ ಶುಭಕಾರ್ಯಗಳಿಗೆ ಬೇಕಾದವನು, ನೀನು ಕೀಳು ಜನರ ಆಹಾರ ಎಂದು ಅದು ಮೂದಲಿಸುತ್ತದೆ. ರಾಗಿ ಸುಮ್ಮನಿರುವುದಿಲ್ಲ. ನೀನು ಬಡವರ ಕಡೆ ಕಣ್ಣೆತ್ತಿ ನೋಡದೆ ಹಣವಂತರ ಬೆನ್ನು ಹತ್ತುವವನು, ಹೆಣದ ಬಾಯಿಗೂ ತುತ್ತಾಗುವವನು. ಮಳೆ ಕೈಕೊಟ್ಟ ವರ್ಷ ಜನರನ್ನು ಉಳಿಸುವವನು ನಾನು ಎನ್ನುತ್ತದೆ. ಜಗಳ ಧಾನ್ಯಗಳದ್ದು, ಮಾತು ಮಾತ್ರ ಮನುಷ್ಯರ ಕುಲದ್ದು. ಕುರುಬ ಸಮುದಾಯದಿಂದ ಬಂದ ಕವಿಗೆ ಈ ಮೂದಲಿಕೆ ಹೊಸದಾಗಿರಲಾರದು.

ರಾಮ ತೀರ್ಪು ಕೊಡುವ ಬಗೆಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅವನು ಶಾಸ್ತ್ರ ತೆಗೆಸಿ ನೋಡುವುದಿಲ್ಲ, ವಂಶ ಕೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ವ್ರೀಹಿ ಕಳೆಗುಂದಿ ಕೆಟ್ಟಿದೆ, ರಾಗಿ ಹಾಗೆಯೇ ಗಟ್ಟಿಯಾಗಿದೆ. ರಾಮ ಅದಕ್ಕೆ ತನ್ನ ರಾಘವ ಎಂಬ ಹೆಸರನ್ನೇ ಕೊಡುತ್ತಾನೆ. (ರಾಗಿ ಎಂಬ ಮಾತು ರಾಘವನಿಂದ ಬಂತು ಎಂಬುದು ಕವಿಯ ಚಮತ್ಕಾರ, ಭಾಷಾಶಾಸ್ತ್ರವೆಂದು ಪರೀಕ್ಷೆಯಲ್ಲಿ ಬರೆಯಬೇಡಿ.)

ಇಲ್ಲೊಂದು ಕುತೂಹಲದ ಸಂಗತಿಯಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆ ದಿನದ ಊಟ ಜೋಳದ ರೊಟ್ಟಿ. ಮುದ್ದೆಯ ಸೀಮೆ ದಕ್ಷಿಣಕ್ಕಿದೆ. ಭತ್ತ ಬೆಳೆಯುವ ಹಾನಗಲ್ಲಿನ ಮಳೆನಾಡೂ ಕಾಗಿನೆಲೆಗೆ ಹತ್ತಿರವೇ. ಹಾಗಿದ್ದೂ ಕನಕದಾಸರು ಜೋಳವನ್ನು ಬಿಟ್ಟು ರಾಗಿಯ ಪರ ವಾದಿಸಿದ್ದೇಕೆ? ನನಗೆ ತೋರುವಂತೆ, ಕಥೆಯ ಕೀಲಿರುವುದೇ ಧಾನ್ಯ ಬಾಳಿಕೆ ಬರುವುದರಲ್ಲಿ. ರಾಗಿಗೆ ಹುಳು ಹತ್ತುವುದು ಕಡಿಮೆ. ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಇದು ರೈತನಿಗೆ ಗೊತ್ತಿದ್ದ ಸತ್ಯ. ಬರಗಾಲದ ನಾಡಿನಲ್ಲಿ ಅದರ ಬೆಲೆ ಏನೆಂಬುದನ್ನು ತಿಳಿಯಬೇಕಾದರೆ 1876-78ರ ಮಹಾಕ್ಷಾಮವನ್ನು ನೆನೆಯಬೇಕು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶವೂ ಅದರಲ್ಲಿ ನರಳಿತು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ರಾಗಿಗೆ ದೊರೆತ ಗೌರವ, ನಾಲ್ಕು ನೂರು ವರ್ಷಗಳ ಹಿಂದೆಯೇ ಈ ಕಾವ್ಯದಲ್ಲಿ ದೊರೆತಿತ್ತು.

ಮಾಸ್ಕೋದ ಹಾಡಿನಲ್ಲಿ ಬದಲಾವಣೆ ಗಾಳಿಯಂತೆ ಹೊರಗಿನಿಂದ ಬರುತ್ತದೆ. ಕಾಗಿನೆಲೆಯ ಕಾವ್ಯದಲ್ಲಿ ಹಾಗಲ್ಲ. ಕೀಳೆನಿಸಿಕೊಂಡದ್ದು ಸಭೆಯಲ್ಲಿ ತಾನೇ ಎದ್ದು ಮಾತನಾಡುತ್ತದೆ, ಸೆರೆಯನ್ನೂ ಅನುಭವಿಸುತ್ತದೆ, ಆಮೇಲೆ ಗೆಲ್ಲುತ್ತದೆ. ಗೆದ್ದ ಮೇಲೆ ಭತ್ತವನ್ನು ಸಭೆಯಿಂದ ಓಡಿಸುವುದೂ ಇಲ್ಲ. ಸೋತು ನಾಚಿದ ವ್ರೀಹಿಯನ್ನು ರಾಮ ಸಮಾಧಾನಪಡಿಸುತ್ತಾನೆ. ಇದನ್ನು ಕೆಲವರು ರಾಜಿ ಎಂದು ಆಕ್ಷೇಪಿಸಬಹುದು. ಆದರೆ ತೀರ್ಪಂತೂ ಬದಲಾಗುವುದಿಲ್ಲ. ರಾಮನ ಹೆಸರು ರಾಗಿಯ ಬಳಿಯೇ ಉಳಿಯುತ್ತದೆ.