ಟೋಪ ತೆನಿ ಸೆರಗಿನಲ್ಲಿ ಇಂಗ್ಲಿಷ್ ಪಾಠ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬಾಗಲಕೋಟೆ ಇನ್ನೂ ಮುಂಬೈ ಪ್ರಾಂತ್ಯದಲ್ಲಿತ್ತು. ಆಗ ಬಿ.ಜಿ. ಖೇರ್ ಸರ್ಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಸರಿಸಿತು. ಪಾಠವೆಂದರೆ ವ್ಯಾಕರಣ, ಅನುವಾದ, ಬಾಯಿಪಾಠ. ಸಣ್ಣ ಮಕ್ಕಳಿಗೆ ಇಂಗ್ಲಿಷ್ ಹೇಗೆ ಕಲಿಸಬೇಕೆಂಬ ಪ್ರಶ್ನೆ ಕರ್ನಾಟಕದ ಸರ್ಕಾರಿ ಶಾಲೆಗಳ ಮುಂದೆ ನಿಂತದ್ದು 2007ರಲ್ಲಿ, ಒಂದನೇ ತರಗತಿಯಿಂದಲೇ ಅದೊಂದು ವಿಷಯವಾದಾಗ.

ಉತ್ತರ ಹುಡುಕುವ ಕೆಲಸ ಅಷ್ಟರಲ್ಲಿ ಬೇರೆಡೆ ಶುರುವಾಗಿತ್ತು. ಭಾಷಾಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ ನಡೆಸಿದ ಬೆಂಗಳೂರು ಪ್ರಯೋಗದಲ್ಲಿ ಮಕ್ಕಳು ನಕ್ಷೆ, ವೇಳಾಪಟ್ಟಿಗಳ ಸಮಸ್ಯೆ ಬಿಡಿಸುತ್ತ ಇಂಗ್ಲಿಷ್ ಕಲಿತರು. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಗಾರ್ಡ್‌ನರ್ ಬುದ್ಧಿ ಒಂದಲ್ಲ, ಏಳು ಬಗೆಯೆಂದ: ಭಾಷೆ, ತರ್ಕ, ದೃಶ್ಯ, ಲಯ, ದೇಹಚಲನೆ, ಇತರರನ್ನು ಅರಿಯುವುದು, ತನ್ನನ್ನು ಅರಿಯುವುದು. ನಿಸರ್ಗಬುದ್ಧಿ ಆಮೇಲೆ ಸೇರಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಗಾರ್ಡ್‌ನರ್ ಹೆಸರು ಹೇಳಿಕೊಂಡು ಹುಟ್ಟಿದ್ದಲ್ಲ, ಅದಕ್ಕೆ ಮಾದರಿ ಆಂಧ್ರದ ರಿಷಿವ್ಯಾಲಿ ಶಾಲೆ. ಆದರೂ ಅದರ ಹಾಡು, ಅಭಿನಯ, ಮಕ್ಕಳ ಚಿತ್ರ-ಬರಹ ತೂಗುವ ಕಲಿಕಾ ಚಪ್ಪರ, ಸಹಪಾಠಿ ಗುಂಪು, ಸ್ವಕಲಿಕೆ ಎಲ್ಲದರಲ್ಲೂ ಅವನ ಪಟ್ಟಿಯ ಬಹುಪಾಲು ಸಿಗುತ್ತದೆ. 2009-10ರಲ್ಲಿ ಅದು ರಾಜ್ಯವ್ಯಾಪಿಯಾಯಿತು.

ನಮ್ಮ ಬಾಗಲಕೋಟೆ ಜಿಲ್ಲೆಯ ಶಿಕ್ಷಕ ತರಬೇತಿಯ ಡಯಟ್ ಇರುವುದು ಇಳಕಲ್ಲಿನಲ್ಲಿ. ಸುತ್ತಲೂ ಮಗ್ಗ. ಇಳಕಲ್ ಸೀರೆಯ ಕೆಂಪು ಟೋಪ ತೆನಿ ಸೆರಗಿನಲ್ಲಿ ಹಣಿಗೆ, ಕೋಟೆಗೋಡೆ, ಜೋಳದ ತೆನೆ ಬಿಳಿ ಬಣ್ಣದಲ್ಲಿ ಮೂಡಿರುತ್ತವೆ. ಬಣ್ಣ, ಆಕಾರ, ಎಣಿಕೆಯ ಇಂಗ್ಲಿಷ್ ಪದಗಳಿಗೆ ಇದಕ್ಕಿಂತ ಒಳ್ಳೆಯ ಮಿಂಚುಪಟ್ಟಿ ಬೇಕೆ? ಬಾದಾಮಿಯ ಒಂದನೇ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಅವನಂತೆ ನಿಂತು, ಕೈ ಎಣಿಸಿ, ಮೈಯ ಅಂಗಗಳ ಹೆಸರು ಹೇಳಿಸುವುದು ಆಟವೂ ಹೌದು, ಪಾಠವೂ ಹೌದು. ಬೆಳೆಗಳ ಹೆಸರು ಕಲಿಸಲು ಹುನಗುಂದದ ಎರೆಹೊಲಗಳಲ್ಲಿ ಬಿಳಿಜೋಳ, ಕಡಲೆ ಇವೆ. ಬಾಗಲಕೋಟೆಯ ನವನಗರ ಇನ್ನೂ ಸುಲಭ: ಆಲಮಟ್ಟಿ ಹಿನ್ನೀರಿನಿಂದಾಗಿ ಎದ್ದ ಈ ಊರು ಸೆಕ್ಟರ್ ಸಂಖ್ಯೆಗಳಲ್ಲೇ ಹಂಚಿಹೋಗಿದೆ. ಎಡಕ್ಕೆ, ಬಲಕ್ಕೆ, ನೇರಕ್ಕೆ ಎಂಬುದನ್ನು ಕಲಿಸಲು ಊರೇ ನಕ್ಷೆ. ಇವೆಲ್ಲ ಬಿಟ್ಟು ಸೇಬು, ಹಿಮದ ಬೊಂಬೆಯ ಚಿತ್ರ ಅಂಟಿಸುವ ಗೋಡೆಗಳನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ.

ಒಂದು ಎಚ್ಚರಿಕೆ. ಈ ಎಂಟು ಬುದ್ಧಿಗಳು ನಿಜಕ್ಕೂ ಬೇರೆಬೇರೆಯೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಹಲವು ಮನಶ್ಶಾಸ್ತ್ರಜ್ಞರು ವಾದಿಸಿದ್ದಾರೆ. ತನ್ನ ಸಿದ್ಧಾಂತವನ್ನು ಕಲಿಕಾ ಶೈಲಿಗಳೊಂದಿಗೆ ಬೆರೆಸಬೇಡಿ ಎಂದು ಸ್ವತಃ ಗಾರ್ಡ್‌ನರನೇ ಹೇಳಿದ್ದಾನೆ. ಇವ ಹಾಡಿನ ಹುಡುಗ, ಇವಳು ಚಿತ್ರದ ಹುಡುಗಿ ಎಂದು ಚೀಟಿ ಅಂಟಿಸುವುದು ತಪ್ಪು. ಒಂದೇ ಪಾಠವನ್ನು ಹಾಡಿಸಿ, ಕುಣಿಸಿ, ಬಿಡಿಸಿ, ಮಾತಾಡಿಸಿ ಎಲ್ಲ ಮಕ್ಕಳಿಗೂ ದಾಟಿಸುವುದು ಲಾಭ. ಮಾತು ತಿರುಗಿ ತಿರುಗಿ ಕಿವಿಗೆ ಬೀಳುವುದೂ ಅಷ್ಟೇ ಮುಖ್ಯ, ಏಕೆಂದರೆ ಇಲ್ಲಿನ ಹೆಚ್ಚಿನ ಮಕ್ಕಳಿಗೆ ಇಂಗ್ಲಿಷ್ ಸಿಗುವುದು ತರಗತಿಯಲ್ಲಿ ಮಾತ್ರ.

ಆದರೆ ನಲಿ-ಕಲಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಮತ್ತೆ ಪಠ್ಯಪುಸ್ತಕ, ಸಾಲು ಬೆಂಚು, ಬರವಣಿಗೆಯ ಪರೀಕ್ಷೆ.