ಕಬ್ಬಿಣದ ಬಾಣ ಮತ್ತು ನ್ಯೂಟನ್ ನಿಯಮ

ದೀಪಾವಳಿಯಲ್ಲಿ ಮಕ್ಕಳು ಬಾಟಲಿಯಲ್ಲಿ ನಿಲ್ಲಿಸಿ ರಾಕೆಟ್ ಹಾರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಬೆಂಕಿ ಕೆಳಕ್ಕೆ ಉಗುಳುತ್ತದೆ, ರಾಕೆಟ್ ಮೇಲಕ್ಕೆ ಏರುತ್ತದೆ. ಕಾರಣ ಕೇಳಿದರೆ, ಹೊಗೆಯು ಗಾಳಿಯನ್ನು ಒದ್ದು ಮೇಲೇರುತ್ತದೆ ಎನ್ನುವವರೇ ಹೆಚ್ಚು.

ಈ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಗಾಳಿಯಿಲ್ಲದ ಕಡೆ ರಾಕೆಟ್ ಕೆಲಸ ಮಾಡದೆಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಗಾಡರ್ಡ್‌ನನ್ನು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ 1920ರಲ್ಲಿ ಗೇಲಿ ಮಾಡಿತ್ತು. ಅದು ತಿದ್ದುಪಡಿ ಪ್ರಕಟಿಸಿದ್ದು 1969ರ ಜುಲೈನಲ್ಲಿ, ಮನುಷ್ಯ ಚಂದ್ರನ ಕಡೆಗೆ ಹೊರಟ ಮೇಲೆ!

ನ್ಯೂಟನ್ 1687ರಲ್ಲೇ ಉತ್ತರ ಹೇಳಿದ್ದ. ಕೊಳವೆ ಅನಿಲವನ್ನು ಎಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೋ, ಅನಿಲವೂ ಕೊಳವೆಯನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಕ್ರಿಯೆ, ಪ್ರತಿಕ್ರಿಯೆ ಎರಡೂ ಏಕಕಾಲಕ್ಕೆ ಹುಟ್ಟುತ್ತವೆ. ಒಂದು ಅನಿಲದ ಮೇಲೆ, ಇನ್ನೊಂದು ಕೊಳವೆಯ ಮೇಲೆ ಬೀಳುವುದರಿಂದ ಒಂದನ್ನೊಂದು ಅಳಿಸುವುದಿಲ್ಲ. ಇಲ್ಲಿ ಗಾಳಿಯ ಹಂಗಿಲ್ಲ.

ಈ ನಿಯಮಕ್ಕೆ ನಮ್ಮ ನಾಡಿನಲ್ಲೂ ಒಂದು ಚರಿತ್ರೆಯಿದೆ. ಸಿಡಿಮದ್ದಿನ ಬಾಣ ಹೈದರಾಲಿ, ಟಿಪ್ಪು ಸುಲ್ತಾನರ ಶೋಧವೇನಲ್ಲ. ಚೀನಾದಲ್ಲಿ ಶತಮಾನಗಳ ಹಿಂದೆಯೇ ಇತ್ತು. ಮೈಸೂರಿನ ಹೆಚ್ಚುಗಾರಿಕೆ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದದ ಕೊಳವೆ ಒಡೆದುಹೋಗುವಷ್ಟು ಒತ್ತಡವನ್ನು ಕಬ್ಬಿಣ ತಾಳಿಕೊಳ್ಳುತ್ತದೆ. ಅನಿಲ ಇನ್ನಷ್ಟು ರಭಸದಿಂದ ಹೊರನುಗ್ಗುತ್ತದೆ, ಬಾಣ ಇನ್ನಷ್ಟು ದೂರ ಹೋಗುತ್ತದೆ. ದಿಕ್ಕು ತಪ್ಪದಿರಲು ಉದ್ದನೆಯ ಬಿದಿರು ಕಟ್ಟುತ್ತಿದ್ದರು.

1780ರಲ್ಲಿ ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಈ ಬಾಣಗಳನ್ನು ಎದುರಿಸಿದ ಕರ್ನಲ್ ಬೇಲಿಯ ಪಡೆ ಸೋತು ಶರಣಾಯಿತು. ಆ ಯುದ್ಧದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇಂದಿಗೂ ನೋಡಬಹುದು. ಆದರೆ 1799ರಲ್ಲಿ ಅವೇ ಬಾಣಗಳು ಶ್ರೀರಂಗಪಟ್ಟಣವನ್ನು ಉಳಿಸಲಿಲ್ಲ. ಗೆದ್ದವರು ಅವನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಎಂಬಾತ ಅವುಗಳ ಆಧಾರದ ಮೇಲೆ ಹೊಸ ರಾಕೆಟ್ ಮಾಡಿದ. 1807ರಲ್ಲಿ ಅವು ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. ಬೆಂಕಿ ತನ್ನನ್ನು ಹಚ್ಚಿದವನ ಧರ್ಮವನ್ನಾಗಲಿ ದೇಶವನ್ನಾಗಲಿ ಕೇಳುವುದಿಲ್ಲ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳನ್ನು ಹೊರತೆಗೆದರು. ಕಾಂಗ್ರೀವನ ಹೆಸರು ಪುಸ್ತಕಗಳಲ್ಲಿದೆ. ಟಿಪ್ಪುವಿನ ಹೆಸರಿಗಾಗಿ ನಾವು ಇನ್ನೂ ಜಗಳವಾಡುತ್ತಿದ್ದೇವೆ. ಆದರೆ ಆ ಕಬ್ಬಿಣವನ್ನು ಕಾಯಿಸಿ ಬಡಿದವರು, ಮದ್ದು ತುಂಬಿದವರು ಯಾರು? ನ್ಯೂಟನ್‌ನನ್ನು ಓದದೆಯೇ ಅವರ ಕೈಗಳು ನಿಯಮವನ್ನು ಕಂಡುಕೊಂಡಿದ್ದವು. ಮಕ್ಕಳಿಗೆ ಮೂರನೆಯ ನಿಯಮ ಹೇಳಿಕೊಡುವಾಗ, ಹೆಸರು ಉಳಿಯದ ಆ ಕೈಗಳನ್ನೂ ನೆನೆಯೋಣ.